ಕೊನೆಯವರೆಗೂ ಓದಿದವಳು

ಅತ್ತೆ ಕೆಲಸದಿಂದ ಬಂದವಳೇ ಚಪ್ಪಲಿಯನ್ನು ಬಿಡುವ ಬದಲು ಎಸೆದಳು. ಅದರಲ್ಲೊಂದು ಗೋಡೆಗೆ ಬಡಿದು ಮಗುಚಿ ಬಿತ್ತು. ಅದರ ಕಡೆ ತಿರುಗಿಯೂ ನೋಡದೆ ನೆಟ್ಟಗೆ ಅಡುಗೆಮನೆಗೆ ಹೋಗಿ, ತೊಳೆದು ಕವುಚಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ಸಿಂಕಿಗೆ ಹಾಕಿ ತಿಕ್ಕಲು ನಿಂತಳು. ಅತ್ತೆಗೆ ಕೋಪ ಬಂದರೆ ಮೊದಲು ಪೆಟ್ಟು ತಿನ್ನುವುದು ಪಾತ್ರೆಗಳು, ಆಮೇಲೆ ಮನುಷ್ಯರು. ಇದು ಪುಟ್ಟಿಗೆ ಮೂರು ವರ್ಷದವಳಿದ್ದಾಗಿನಿಂದ ಗೊತ್ತು.

ಪುಟ್ಟಿ ಎಂದರೆ ಪುಟ್ಟ ಹುಡುಗಿಯೇನಲ್ಲ. ಮೂವತ್ತು ದಾಟಿದೆ, ಮೊಬೈಲ್ ಆ್ಯಪ್ ತಯಾರಿಸುವ ಕಂಪನಿಯಲ್ಲಿ ಕೋಡ್ ಬರೆಯುವ ಕೆಲಸ. ಅಮ್ಮ ತೀರಿಕೊಂಡ ಮೇಲೆ ಅವಳನ್ನು ಸೊಂಟಕ್ಕೆತ್ತಿಕೊಂಡು ಬಂದವಳು ಅಪ್ಪನ ಅಕ್ಕ, ಇದೇ ಅತ್ತೆ. ಆಸ್ಪತ್ರೆಯಲ್ಲಿ ಆಯಾ. ಬಳಸಿ ಬಿಸಾಡಿದ ಎಕ್ಸ್‌ರೇ ಹಾಳೆಗಳನ್ನು ಮನೆಗೆ ತಂದು, ಯಾರದೋ ಪಕ್ಕೆಲುಬಿನ ಮೇಲೆ ಸ್ಕೆಚ್ ಪೆನ್ನಿನಿಂದ ಅ, ಆ, ಇ, ಈ ಬರೆದು ತಿದ್ದಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ತಿದ್ದಿಸಿ ಅವಳಿಗೆ ಓದು ಕಲಿಸಿದ್ದಳು.

"ಏನಾಯ್ತತ್ತೆ?"

"ನಿಮ್ಮ ಆ್ಯಪಿಗೆ ಬೆಂಕಿ ಬೀಳ!"

ಇನ್ನೆರಡು ತಟ್ಟೆ ತಿಕ್ಕಿಸಿಕೊಂಡವು. ಆಮೇಲೆ ಮಾತು ಹೊರಬಂತು.

"ಎಲ್ಲರ ಮುಂದೆ, ನಿಂತ ನಿಲುವಲ್ಲಿ, ಆ ಮೇಲ್ವಿಚಾರಕಿ ನನ್ನ ಕೇಳ್ತಾಳೆ, 'ಆಯಾ, ನಿಮಗೆ ಓದೋಕೆ ಬರಲ್ವಾ?' ಅಂತ. ಡ್ರೈವರ್ ಇದ್ದ, ನರ್ಸುಗಳಿದ್ರು, ಆ ರಿಸೆಪ್ಷನ್ ಹುಡುಗಿ ಬಾಯಿ ಮುಚ್ಕೊಂಡು ನಕ್ಕಳು. ನನಗೆ! ಓದೋಕೆ ಬರಲ್ವಾ ಅಂತ!"

ಆ ಆ್ಯಪು ಪುಟ್ಟಿಯ ಕಂಪನಿಯದೇ. ಆಸ್ಪತ್ರೆ, ಗೋದಾಮು, ಅಂಗಡಿ, ಕಾರ್ಖಾನೆ, ಹೀಗೆ ಎಷ್ಟೋ ಕಡೆ ಅದನ್ನು ಕೊಂಡಿದ್ದರು. ಬೆಳಿಗ್ಗೆ ಕೆಲಸಕ್ಕೆ ಬಂದವರು ಫೋನು ತೆರೆದರೆ ಆ ದಿನದ ಸೂಚನೆ ಕಾಣುತ್ತದೆ. ಕೆಳಗೊಂದು ಬಟನ್, ಅದರ ಮೇಲೆ 'ಓದಿದ್ದೇನೆ' ಎಂಬ ಮಾತು. ಬೆರಳಿನಿಂದ ಮೇಲಕ್ಕೆ ಸರಿಸುತ್ತಾ ಸೂಚನೆಯ ತುದಿ ಮುಟ್ಟುವವರೆಗೂ ಬಟನ್ ಬೂದುಬಣ್ಣದಲ್ಲಿರುತ್ತದೆ, ಒತ್ತಿದರೂ ಕೆಲಸ ಮಾಡುವುದಿಲ್ಲ. ತುದಿ ಮುಟ್ಟಿದೊಡನೆ ಹಸಿರಾಗುತ್ತದೆ. ಒತ್ತದೇ ಹೋದವರ ಹೆಸರಿನ ಮುಂದೆ ಮೇಲ್ವಿಚಾರಕಿಯ ಪರದೆಯಲ್ಲಿ ಕೆಂಪಕ್ಷರದಲ್ಲಿ 'ಓದಿಲ್ಲ' ಎಂದು ಬರುತ್ತದೆ. ಈ ಆ್ಯಪು ಆಸ್ಪತ್ರೆಗೆ ಬಂದ ದಿನ ಅತ್ತೆ ವಾರ್ಡಿನಿಂದ ವಾರ್ಡಿಗೆ ಹೋಗಿ, "ಇದು ನಮ್ಮ ಪುಟ್ಟಿ ಮಾಡಿದ್ದು" ಎಂದು ಹೇಳಿಕೊಂಡು ತಿರುಗಿದ್ದಳು. ಈಗ ಅದೇ ಅವಳ ಮಾನ ತೆಗೆದಿತ್ತು.

"ಫೋನ್ ಕೊಡು ಇಲ್ಲಿ," ಎಂದಳು ಪುಟ್ಟಿ.

ಅತ್ತೆಯ ಫೋನಿನಲ್ಲಿ ಅಕ್ಷರಗಳು ಹುಣಸೆಬೀಜದಷ್ಟು ದಪ್ಪ. ಕನ್ನಡಕ ಎರಡು ಸಲ ಬದಲಾಯಿಸಿದರೂ ಚಿಕ್ಕ ಅಕ್ಷರ ಅವಳ ಕಣ್ಣಿಗೆ ಇರುವೆಸಾಲಿನಂತೆ ಕಾಣುತ್ತಿತ್ತು. ಪುಟ್ಟಿ ಸೂಚನೆ ತೆರೆದು ಬೆರಳಿನಿಂದ ಸರಿಸುತ್ತಾ ಹೋದಳು. ಕೊನೆಯ ಸಾಲು ಬಂತು, ಪೂರ್ಣವಿರಾಮವೂ ಬಂತು. ಇನ್ನು ಸರಿಸಲು ಏನೂ ಉಳಿದಿರಲಿಲ್ಲ. ಬಟನ್ ಮಾತ್ರ ಬೂದಿಯ ಹಾಗೇ ಬಿದ್ದಿತ್ತು. ಮತ್ತೆ ಮೇಲೆ ಹೋಗಿ ಬಂದಳು. ಜೋರಾಗಿ ತಳ್ಳಿದಳು, ಮೆಲ್ಲಗೆ ತಳ್ಳಿದಳು. ಉಹುಂ.

"ನಾನು ಹೀಗೇ ದಿನಾ ತೀಡ್ತಾ ಕೂತ್ಕೋತೀನಿ," ಎಂದಳು ಅತ್ತೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ. "ತೀಡಿ ತೀಡಿ ಬೆರಳಿನ ಗೆರೆ ಸವೆದೋಯ್ತು. ಹೇಳೋಣ ಅಂದ್ರೆ, ನಿನ್ನ ಕಂಪನಿಗೇ ಕೆಟ್ಟ ಹೆಸರು ಅಂತ ಸುಮ್ನಿದ್ದೆ."

ಆ ಮಾತು ಕೇಳಿ ಪುಟ್ಟಿಗೆ ಕೆನ್ನೆಗೆ ಹೊಡೆದಂತಾಯಿತು.

ಮರುದಿನ ಬೆಳಿಗ್ಗೆ ಆಫೀಸಿಗೆ ಹೋದವಳು ಚೀಲವನ್ನೂ ಇಳಿಸದೆ ಆ ಭಾಗದ ಕೋಡ್ ತೆರೆದಳು. ಅದು ಅವಳು ಬರೆದಿದ್ದಲ್ಲ, ಅವಳ ತಂಡದ ಮುಖ್ಯಸ್ಥ ಬರೆದದ್ದು. ಆಫೀಸಿನಲ್ಲಿ ಅವನಿಗೆ 'ಆಯ್ತುಬಿಡಿ' ಎಂದೇ ಅಡ್ಡಹೆಸರು. ಛಾವಣಿ ಸೋರುತ್ತಿದೆ ಎಂದರೂ, ಯಾರೋ ಕೆಲಸ ಬಿಟ್ಟರು ಎಂದರೂ ಅವನ ಬಾಯಿಂದ ಬರುವುದು ಅದೊಂದೇ ಮಾತು.

ಬರೆದ ರೀತಿ ನೋಡಲು ಸರಳವಾಗಿತ್ತು. ಬೆರಳು ಸರಿಸಿದಾಗಲೆಲ್ಲ ಒಂದು ಲೆಕ್ಕ ನಡೆಯುತ್ತದೆ: ಸೂಚನೆ ಎಷ್ಟು ಮೇಲೆ ಸರಿದಿದೆ, ಕಣ್ಣೆದುರಿನ ಪರದೆಯ ಎತ್ತರ ಎಷ್ಟು, ಇವೆರಡನ್ನೂ ಕೂಡಿದರೆ ಸೂಚನೆಯ ಒಟ್ಟು ಉದ್ದಕ್ಕೆ ಸಮವಾಯಿತೆ? ಸಮವಾದರೆ ತುದಿ ಬಂತು. ಆ 'ಸಮ' ಎಂಬಲ್ಲೇ ಎಡವಟ್ಟಾಗಿತ್ತು. ಅಕ್ಷರ ದೊಡ್ಡದಾದರೆ ಸೂಚನೆಯ ಉದ್ದ ಪೂರ್ತಿ ಸಂಖ್ಯೆಯಲ್ಲಿ ನಿಲ್ಲದೆ ದಶಮಾಂಶಕ್ಕೆ ಜಾರುತ್ತದೆ. ಸರಿದ ದೂರವನ್ನೋ ಫೋನು ತನಗೆ ತೋಚಿದಂತೆ ಚೂರು ಕಮ್ಮಿ ಮಾಡಿ ಹೇಳುತ್ತದೆ. ಕೂದಲೆಳೆಯಷ್ಟು ವ್ಯತ್ಯಾಸ, ಕಣ್ಣಿಗೆ ಕಾಣದಷ್ಟು. ಆದರೆ ಆ ಎರಡು ಸಂಖ್ಯೆಗಳು ಈ ಜನ್ಮದಲ್ಲಿ ಸಮವಾಗುವುದಿಲ್ಲ. ಒಂದು ಬೆರಳಿನ ಅಂಚಿನಷ್ಟು ಹೆಚ್ಚುಕಮ್ಮಿಗೆ ಅವಕಾಶ ಕೊಟ್ಟು, 'ಹತ್ತಿರ ಬಂದರೆ ಬಂದ ಹಾಗೆ' ಎಂದು ಬರೆದಿದ್ದರೆ ಸಾಕಿತ್ತು. ಇನ್ನೂ ಒಂದು ತಪ್ಪು ಕಣ್ಣಿಗೆ ಬಿತ್ತು: ಸೂಚನೆ ಎರಡೇ ಸಾಲಿದ್ದು ಪರದೆಯೊಳಗೇ ಹಿಡಿಸಿದರೆ ಸರಿಸಲು ಏನೂ ಇರುವುದಿಲ್ಲ. ಸರಿಸದೆ ಲೆಕ್ಕವೇ ಶುರುವಾಗುವುದಿಲ್ಲ, ಬಟನ್ ಹಸಿರಾಗುವುದೂ ಇಲ್ಲ.

ಇಷ್ಟಕ್ಕೇ ಅವಳ ಕೋಪ ನೆತ್ತಿಗೇರುತ್ತಿರಲಿಲ್ಲ. ತಪ್ಪು ಯಾರು ಮಾಡುವುದಿಲ್ಲ? ಆದರೆ ದೂರುಗಳ ಪುಟ ತೆರೆದಾಗ ತಡೆಯಲಾಗಲಿಲ್ಲ. ಇದೇ ತೊಂದರೆಯನ್ನು ಎಷ್ಟೋ ಜನ ಆಗಲೇ ಬರೆದು ಕಳಿಸಿದ್ದರು. ಗೋದಾಮಿನ ಕಾವಲುಗಾರ, ಬಟ್ಟೆ ಹೊಲಿಯುವವಳು, ಬಸ್ ಡಿಪೋದ ಮೆಕ್ಯಾನಿಕ್. 'ನಾನು ಪೂರ್ತಿ ಓದಿದ್ದೇನೆ, ಬಟನ್ ಒತ್ತಲು ಆಗುತ್ತಿಲ್ಲ, ದಯವಿಟ್ಟು ನೋಡಿ.' ಒಂದೊಂದರ ಕೆಳಗೂ ಒಂದೇ ಉತ್ತರ ಅಂಟಿಸಲಾಗಿತ್ತು: 'ಬಳಕೆದಾರರಿಗೆ ಸ್ಕ್ರಾಲ್ ಮಾಡುವ ವಿಧಾನ ತಿಳಿಸಿಕೊಡಿ. ದೂರು ಮುಕ್ತಾಯ.' ಉತ್ತರಿಸಿದವನು ಆಯ್ತುಬಿಡಿ.

ಅವನ ಮೇಜಿನ ಮುಂದೆ ಹೋಗಿ ನಿಂತಳು.

"ಇವರೆಲ್ಲ ಸುಳ್ಳು ಹೇಳ್ತಿದ್ದಾರೆ ಅಂದ್ಕೊಂಡ್ರಾ?"

ಅವನು ಪರದೆಯಿಂದ ಕಣ್ಣು ಕೀಳದೆ ಹೇಳಿದ, "ನಮ್ಮ ಫೋನುಗಳಲ್ಲೆಲ್ಲ ಟೆಸ್ಟ್ ಮಾಡಿದ್ವಲ್ಲ, ಸರಿಯಾಗಿತ್ತು. ಕುಣಿಯಲಾರದವರು ನೆಲ ಡೊಂಕು ಅಂತಾರೆ. ಆಯ್ತು ಬಿಡಿ."

"ಇಲ್ಲಿ ನೆಲಾನೇ ಡೊಂಕು. ನೀವೇ ಹಾಕಿದ ನೆಲ."

ಆಗ ಅವನು ತಲೆಯೆತ್ತಿದ. ಅವಳು ಹಿಂದಿನ ರಾತ್ರಿ ಅತ್ತೆಯ ಫೋನಿನಲ್ಲಿ ತೆಗೆದಿದ್ದ ವೀಡಿಯೋ ತೋರಿಸಿದಳು, ಕೋಡಿನ ಆ ಸಾಲು ತೋರಿಸಿದಳು. ಅವನಿಗೆ ಅರ್ಥವಾಗದೇ ಇರಲಿಲ್ಲ, ದಡ್ಡನಲ್ಲ ಅವನು. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಹೇಳಿದ.

"ಇದಕ್ಕೆ ಇಷ್ಟೆಲ್ಲ ಯಾಕೆ? ತುದಿ ಹುಡುಕೋದನ್ನೇ ತೆಗೆದುಬಿಡೋಣ. ಎರಡು ಸೆಕೆಂಡಾದ್ಮೇಲೆ ಬಟನ್ ತಾನಾಗೇ ಹಸಿರಾಗ್ಲಿ."

"ಓದದೇ ಇದ್ರೂ?"

"ಓದೋದು ಯಾರಿಗೆ ಬೇಕಾಗಿದೆ ಹೇಳಿ? ಕೊಂಡ್ಕೊಂಡೋರಿಗೆ ಬೇಕಾಗಿರೋದು 'ಓದಿದ್ದಾರೆ' ಅನ್ನೋ ದಾಖಲೆ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ತೋರಿಸೋಕೆ."

ಓದಿದವರನ್ನು ಓದಿಲ್ಲ ಎಂದದ್ದಾಯಿತು, ಇನ್ನು ಓದದವರನ್ನು ಓದಿದ್ದಾರೆ ಎನ್ನುವ ಏರ್ಪಾಡು!

"ನಾನು ಸರಿಯಾಗಿ ಬರೆದು ಕೊಡ್ತೀನಿ. ಇವತ್ತೇ," ಎಂದಳು.

"ಬರೀರಿ. ಮುಂದಿನ ತಿಂಗಳ ಅಪ್‌ಡೇಟಿಗೆ ನೋಡೋಣ. ಆದ್ರೆ ಒಂದು ಮಾತು," ಅವನು ಬೆರಳೆತ್ತಿದ. "ಇದು ನಮ್ಮ ತಪ್ಪು ಅಂತ ಕೊಂಡ್ಕೊಂಡೋರ ಕಿವಿಗೆ ಒಂದಕ್ಷರ ಬೀಳಬಾರದು."

ಅವಳು ಊಟದ ಹೊತ್ತಿಗೆಲ್ಲ ಸರಿಪಡಿಸಿದ ಕೋಡ್ ಒಪ್ಪಿಸಿದಳು. ಅದು ಅಲ್ಲೇ ಕೂತಿತು.

ಆ ವಾರದಲ್ಲೇ ಅತ್ತೆ ಇನ್ನೊಂದು ಸುದ್ದಿ ತಂದಳು. ಈ ಸಲ ಪಾತ್ರೆಗಳ ತಂಟೆಗೆ ಹೋಗಲಿಲ್ಲ. ಕುರ್ಚಿಯಲ್ಲಿ ಕೂತು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ತಣ್ಣಗೆ ಹೇಳಿದಳು. ಅದೇ ಹೆಚ್ಚು ಭಯವಾಗುವಂತಿತ್ತು.

"ನಾಳೆಯಿಂದ ನನಗೆ ತರಬೇತಿ ಅಂತೆ. ಕೆಂಪಕ್ಷರದವರಿಗೆಲ್ಲ. ಫೋನಲ್ಲಿ ಹೇಗೆ ಓದೋದು ಅಂತ ಹೇಳಿಕೊಡ್ತಾರಂತೆ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ!" ಎಂದಳು ಪುಟ್ಟಿ. "ನಾಳೆ ನಾನೂ ಬರ್ತೀನಿ."

"ನಿನ್ನ ಕೆಲಸಕ್ಕೆ ಕುತ್ತು ಬರಲ್ವಾ?"

"ಬಂದ್ರೆ ಬರ್ಲಿ."

ತರಬೇತಿ ನಡೆಯುತ್ತಿದ್ದುದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಒಗೆದ ಹೊದಿಕೆಗಳನ್ನು ಪೇರಿಸಿಡುವ ಕೋಣೆಯಲ್ಲಿ. ಸೋಪಿನ ಘಾಟು, ಇಸ್ತ್ರಿಯ ಬಿಸಿ. ಆಂಬುಲೆನ್ಸ್ ಡ್ರೈವರ್, ಅಡುಗೆಯವನು, ಬಟ್ಟೆ ಒಗೆಯುವ ಇಬ್ಬರು ಹೆಂಗಸರು, ಅತ್ತೆ, ಎಲ್ಲರೂ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಕೂತಿದ್ದರು. ರಿಸೆಪ್ಷನ್ ಹುಡುಗಿಯೇ ಉಪಾಧ್ಯಾಯಿನಿ. "ಬೆರಳನ್ನ ಹೀಗಿಟ್ಟು, ಮೇಲಕ್ಕೆ ಹೀಗೆ ತಳ್ಳಬೇಕು, ನೋಡಿ," ಎಂದು ಗಾಳಿಯಲ್ಲಿ ತೋರಿಸುತ್ತಿದ್ದಳು. ಮೇಲ್ವಿಚಾರಕಿ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದಳು. ಪುಟ್ಟಿ ಒಳಗೆ ಬಂದವಳೇ ಮೊದಲು ನೋಡಿದ್ದು ಒಂದನ್ನು: ಸ್ಟೂಲಿನ ಮೇಲೆ ಕೂತವರೆಲ್ಲರ ಮೂಗಿನ ಮೇಲೂ ಕನ್ನಡಕ. ದಪ್ಪ ದಪ್ಪ ಗಾಜು. ಇಷ್ಟು ದಿನ ಇದು ಒಬ್ಬರಿಗೂ ಹೊಳೆದಿರಲಿಲ್ಲ!

"ಈ ಆ್ಯಪ್ ಮಾಡಿರೋ ಕಂಪನಿಯವಳು ನಾನು," ಎಂದಳು ಮೇಲ್ವಿಚಾರಕಿಗೆ. "ತಪ್ಪು ಇವರದ್ದಲ್ಲ. ನಮ್ಮದು."

ಅತ್ತೆಯ ಫೋನು ತೆಗೆದುಕೊಂಡು ಅಕ್ಷರ ಚಿಕ್ಕದು ಮಾಡಿ, ಸೂಚನೆಯನ್ನು ಕೊನೆಯವರೆಗೆ ಸರಿಸಿದಳು. ಬಟನ್ ಹಸಿರಾಯಿತು. ಅಕ್ಷರ ದೊಡ್ಡದು ಮಾಡಿ ಮತ್ತೆ ಸರಿಸಿದಳು. ಬೂದಿ. ಆಂಬುಲೆನ್ಸ್ ಡ್ರೈವರ್ ತನ್ನ ಫೋನು ಮುಂದೆ ಚಾಚಿದ, ಅದರಲ್ಲೂ ಅದೇ. ಅವನು ಮೆಲ್ಲಗೆ ಶಿಳ್ಳೆ ಹಾಕಿದ.

ಮೇಲ್ವಿಚಾರಕಿ ಕಣ್ಣು ಕಿರಿದು ಮಾಡಿ ನೋಡಿದಳು. "ಹಾಗಾದ್ರೆ ಸುಲಭ ಆಯ್ತಲ್ಲ. ಎಲ್ಲರೂ ಅಕ್ಷರ ಚಿಕ್ಕದು ಮಾಡ್ಕೊಂಡುಬಿಡಿ."

ಅತ್ತೆ ಎದ್ದು ನಿಂತಳು.

"ಚಿಕ್ಕದು ಮಾಡಿದ್ರೆ ಓದೋಕಾಗಲ್ಲ. ದೊಡ್ಡದು ಮಾಡಿದ್ರೆ ಓದಿದ ಹಾಗಾಗಲ್ಲ. ಮೇಡಂ, ನಿಮಗೆ ನಾವು ಓದೋದು ಬೇಕಾ, ಗುಂಡಿ ಒತ್ತೋದು ಬೇಕಾ?"

"ಆಯಾ, ಸುಮ್ನೆ ಮಾತು ಬೆಳೆಸ್ಬೇಡಿ. ನನ್ನ ಪರದೇಲಿ ಕೆಂಪು ಬಂದ್ರೆ ಮೇಲಿನವರು ನನ್ನ ಕುತ್ತಿಗೆ ಹಿಡೀತಾರೆ. ಸರಿ, ತರಬೇತಿ ಬೇಡ, ಎಲ್ಲರೂ ಕೆಲಸಕ್ಕೆ ಹೋಗಿ."

"ಹೋಗ್ತೀನಿ. ಅವತ್ತು ಎಲ್ಲರ ಮುಂದೆ ಒಂದು ಮಾತು ಕೇಳಿದ್ರಲ್ಲ, ಅದನ್ನ ಎಲ್ಲರ ಮುಂದೇನೇ ವಾಪಸ್ ತಗೊಳ್ಳಿ."

"ಅಯ್ಯೋ, ಅದನ್ನ ಇನ್ನೂ ಹಿಡ್ಕೊಂಡಿದ್ದೀರಾ?" ಎಂದು ನಕ್ಕು ಮೇಲ್ವಿಚಾರಕಿ ಮೆಟ್ಟಿಲು ಹತ್ತಿಬಿಟ್ಟಳು.

ಆ ನಗು ಬಾರದೇ ಹೋಗಿದ್ದರೆ ಅತ್ತೆ ಬಹುಶಃ ಅಲ್ಲಿಗೇ ಬಿಡುತ್ತಿದ್ದಳು.

ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿಗೆ ಹೋಗುವವರು, ಬರುವವರು ಎಲ್ಲ ಕೆಳಗಿನ ಪಡಸಾಲೆಯಲ್ಲಿ ಹಾಜರಿಗೆ ನಿಲ್ಲುತ್ತಾರೆ. ಪುಟ್ಟಿ ಇನ್ನೂ ಹೋಗಿರಲಿಲ್ಲ, ನೀರಿನ ಯಂತ್ರದ ಪಕ್ಕ ನಿಂತಿದ್ದಳು. ಹಾಜರಿ ಮುಗಿಯಿತು. ಜನ ಚದುರುವಷ್ಟರಲ್ಲಿ ಅತ್ತೆ ಸಾಲಿನಿಂದ ಮುಂದೆ ಬಂದು, ಕನ್ನಡಕ ಸರಿಮಾಡಿಕೊಂಡು, ಫೋನನ್ನು ಮುಖದೆದುರು ಹಿಡಿದು ಗಟ್ಟಿಯಾಗಿ ಶುರುಮಾಡಿದಳು.

"ಇಂದಿನ ಸೂಚನೆ. ಒಂದನೆಯದು. ನೆಲ ಒರೆಸುವ ಬಕೆಟ್‌ಗಳನ್ನು ಲಿಫ್ಟಿನ ಬಾಗಿಲಿಗೆ ಅಡ್ಡವಾಗಿ ಇಡತಕ್ಕದ್ದಲ್ಲ."

ಯಾರೋ ಕಿಸಕ್ಕೆಂದರು.

"ಎರಡನೆಯದು. ಸಮವಸ್ತ್ರಗಳನ್ನು ಮಹಡಿಯ ಕಂಬಿಯ ಮೇಲೆ ಒಣಹಾಕತಕ್ಕದ್ದಲ್ಲ. ಮೂರನೆಯದು. ಸಂದರ್ಶಕರ ವೇಳೆಯಲ್ಲಿ ಊಟದ ತಳ್ಳುಗಾಡಿಯನ್ನು ಮುಂಬಾಗಿಲಿನಿಂದ ಒಯ್ಯತಕ್ಕದ್ದಲ್ಲ."

"ಆಯಾ, ಏನಿದು?" ಮೇಲ್ವಿಚಾರಕಿ ಮುಂದೆ ಬಂದಳು. "ಸಾಕು ನಿಲ್ಲಿಸಿ."

"ಇನ್ನೂ ಇದೆ ಮೇಡಂ. ಕೊನೇವರೆಗೂ ಓದ್ಬೇಕು ಅಂತ ನೀವೇ ಹೇಳಿದ್ದು."

ನರ್ಸೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದಳು. ಅತ್ತೆಯ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಅಲ್ಪವಿರಾಮಕ್ಕೆ ಅಷ್ಟೇ, ಪೂರ್ಣವಿರಾಮಕ್ಕೆ ಇಷ್ಟೇ ಎಂದು ಅಳೆದು ನಿಲ್ಲುತ್ತಾ, ಒತ್ತಕ್ಷರ ಒಂದನ್ನೂ ನುಂಗದೆ ಓದಿದಳು. ಕೈತೊಳೆಯುವ ಕ್ರಮ ಓದಿದಳು. ಉಗ್ರಾಣದ ಬೀಗದ ಕೈ ಯಾರ ಬಳಿ ಇರಬೇಕೆಂದು ಓದಿದಳು. 'ಮೇಲೆ ತಿಳಿಸಿದ ಮೂರನೆಯ ಸೂಚನೆಯನ್ನು ಮತ್ತೊಮ್ಮೆ ಗಮನಿಸುವುದು' ಎಂದಿದ್ದಲ್ಲಿ ಹಿಂದೆ ಹೋಗಿ ಮೂರನೆಯದನ್ನು ಮತ್ತೊಮ್ಮೆ ಓದಿದಳು. ಮೊದಮೊದಲು ನಗುತ್ತಿದ್ದವರು ಬರಬರುತ್ತಾ ಸುಮ್ಮನಾದರು. ಒಬ್ಬ ವೈದ್ಯರು ಕೊಠಡಿಯಿಂದ ಹೊರಬಂದು, ಏನೆಂದು ಕೇಳದೆ, ಗೋಡೆಗೆ ಒರಗಿ ಕೇಳುತ್ತಾ ನಿಂತರು. ಮೇಲ್ವಿಚಾರಕಿಗೆ ಹೋಗಲೂ ಆಗದು, ನಿಲ್ಲಿಸಲೂ ಆಗದು. ತಾನೇ ಹೊರಡಿಸಿದ ಸೂಚನೆಯನ್ನು ಓದಬೇಡಿ ಎನ್ನುವುದು ಹೇಗೆ?

ಕೊನೆಯ ಸಾಲು ಮುಗಿಸಿ ಅತ್ತೆ ಫೋನನ್ನು ಮೇಲ್ವಿಚಾರಕಿಯ ಮುಖದ ಹತ್ತಿರ ಹಿಡಿದಳು. ಬಟನ್ ಬೂದಿಯ ಬಣ್ಣದಲ್ಲೇ ಇತ್ತು.

"ಈಗ ಹೇಳಿ. ನನಗೆ ಓದೋಕೆ ಬರುತ್ತಾ, ಇಲ್ವಾ?"

ಮೇಲ್ವಿಚಾರಕಿಯ ಕಿವಿ ಕೆಂಪಾಗಿತ್ತು. "ಬರುತ್ತೆ," ಎಂದಳು.

"ಹಿಂದಿನವರಿಗೆ ಕೇಳಿಸ್ಲಿಲ್ಲ."

"ಆಯಾಗೆ ಓದೋಕೆ ಬರುತ್ತೆ. ನಾನು ಹಾಗೆ ಕೇಳಬಾರದಿತ್ತು."

ಚಪ್ಪಾಳೆಗಿಪ್ಪಾಳೆ ಏನೂ ಆಗಲಿಲ್ಲ. ಜನ ತಮ್ಮ ತಮ್ಮ ವಾರ್ಡಿಗೆ ಹೋದರು. ಅತ್ತೆ ಮಾತ್ರ ಒಂದು ಸ್ಟೂಲು ಎಳೆದುಕೊಂಡು ಕೂತು, "ಪುಟ್ಟಿ, ಒಂದು ಲೋಟ ನೀರು ಕೊಡೇ," ಎಂದಳು.

ಆಸ್ಪತ್ರೆಯವರ ಸಿಟ್ಟು ಮರುದಿನ ಕಂಪನಿಯ ಮೇಲೆ ತಿರುಗಿತು. ನಿಮ್ಮ ದೋಷವನ್ನು ನಮ್ಮಿಂದ ಮುಚ್ಚಿಟ್ಟಿದ್ದೇಕೆ, ತಕ್ಷಣ ಸರಿಪಡಿಸದಿದ್ದರೆ ಆ್ಯಪನ್ನೇ ಕಿತ್ತುಹಾಕುತ್ತೇವೆ ಎಂದರು. ಮುಂದಿನ ತಿಂಗಳೆಂದಿದ್ದ ಅಪ್‌ಡೇಟು ಸಂಜೆಯೊಳಗೆ ಹೊರಟಿತು, ಪುಟ್ಟಿ ಬರೆದಿಟ್ಟಿದ್ದ ಹಾಗೆಯೇ. ಅವಳಿಗೆ ಮಾತ್ರ ಮೇಲಿನವರ ಕೋಣೆಗೆ ಕರೆ ಬಂತು. ಮನೆಯ ಗುಟ್ಟನ್ನು ಬೀದಿಗೆ ಎಳೆದಿದ್ದಕ್ಕೆ ಎಚ್ಚರಿಕೆ, ಮುಂದಿನ ಬಡ್ತಿಯಿಂದ ಹೆಸರು ಹೊರಗೆ. ಅವಳು ತಲೆ ತಗ್ಗಿಸಲಿಲ್ಲ.

"ಗುಟ್ಟಲ್ಲ ಸರ್ ಅದು. ಅವರು ನಮಗೇ ಬರೆದು ಹೇಳಿದ್ರು. ನಾವೇ ಓದಲಿಲ್ಲ," ಎಂದು ಹೇಳಿ ಹೊರಬಂದಳು.

ಆದರೆ ಅಪ್‌ಡೇಟಿನ ಜೊತೆ ಹೋದ ಟಿಪ್ಪಣಿ ನೋಡಿದಾಗ ಅವಳ ಮೈಯೆಲ್ಲ ಉರಿದುಹೋಯಿತು. ಆಯ್ತುಬಿಡಿ ಬರೆದಿದ್ದ: 'ಸಣ್ಣಪುಟ್ಟ ಸುಧಾರಣೆಗಳು.' ಅಷ್ಟೇ. ಯಾರೋ ಎಷ್ಟೋ ದಿನ ಸುಳ್ಳುಗಾರರಾಗಿ, ಓದು ಬಾರದವರಾಗಿ, ತಲೆ ತಗ್ಗಿಸಿ ನಿಂತದ್ದಕ್ಕೆ ಎರಡು ಪದ! ಅವಳು ಯಾರನ್ನೂ ಕೇಳಲಿಲ್ಲ. ಹಳೆಯ ದೂರುಗಳನ್ನು ಒಂದೊಂದಾಗಿ ತೆರೆದು ಉತ್ತರ ಬರೆಯುತ್ತಾ ಕೂತಳು. 'ನೀವು ಸರಿಯಾಗಿಯೇ ಓದಿದ್ದಿರಿ. ತಪ್ಪು ನಮ್ಮ ಆ್ಯಪಿನಲ್ಲಿತ್ತು. ಈ ಪತ್ರವನ್ನು ನಿಮ್ಮ ಮೇಲಿನವರಿಗೆ ತೋರಿಸಬಹುದು. ಕ್ಷಮಿಸಿ.' ಅಂಟಿಸಿದರೆ ಬೇಗ ಮುಗಿಯುತ್ತಿತ್ತು. ಆದರೂ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಬರೆದಳು, ಕೆಳಗೆ ತನ್ನ ಫೋನ್ ನಂಬರನ್ನೂ ಹಾಕಿದಳು.

ಕೆಲವರು ಥ್ಯಾಂಕ್ಸ್ ಎಂದು ಬರೆದರು. ಬಟ್ಟೆ ಹೊಲಿಯುವವಳು ತಾನು ಈಗ ಚೆನ್ನಾಗಿದ್ದೇನೆ ಎಂದಷ್ಟೇ ಬರೆದಳು. ಹೆಚ್ಚಿನವರು ಏನೂ ಬರೆಯಲಿಲ್ಲ. ಎರಡು ದಿನದ ಮೇಲೆ, ಆಫೀಸಿಗೆ ಹೊರಟು ಬಸ್ಸಿಗೆ ಕಾಯುತ್ತಿದ್ದಾಗ ಒಂದು ಫೋನು ಬಂತು. ಗೋದಾಮಿನ ಕಾವಲುಗಾರ. ಗಟ್ಟಿ ದನಿ, ನಡುನಡುವೆ ಕೆಮ್ಮು.

"ನಿಮ್ಮ ಪತ್ರ ನೋಡ್ದೆ ತಾಯಿ. ಈಗ ಯಾರಿಗೆ ತೋರಿಸ್ಲಿ? ಸೂಚನೆ ಓದಲ್ಲ, ಹೇಳಿದ ಮಾತು ಕೇಳಲ್ಲ ಅಂತ ಅವರು ನನ್ನ ಕೆಲಸದಿಂದ ತೆಗೆದೇಬಿಟ್ರು. ಈಗ ಪೆಟ್ರೋಲ್ ಬಂಕಲ್ಲಿದ್ದೀನಿ."

"ನಾನು ಬಂದು ಅವರ ಹತ್ರ ಮಾತಾಡ್ತೀನಿ, ಅಣ್ಣ. ನಿಮ್ಮ ತಪ್ಪಿಲ್ಲ ಅಂತ ಎದುರಿಗೇ ನಿಂತು ಹೇಳ್ತೀನಿ," ಎಂದಳು.

"ಬಂದ್ರೆ ಬನ್ನಿ, ಬೇಡ ಅನ್ನಲ್ಲ. ನನಗೆ ಅಲ್ಲಿಗೆ ವಾಪಸ್ ಹೋಗೋ ಮನಸ್ಸೇನಿಲ್ಲ." ಅವನು ಕೇಳಿದ, "ಆ ಗುಂಡಿ ಈಗ ಹಸಿರಾಗುತ್ತಾ? ನಿಜವಾಗ್ಲೂ?"

"ಆಗುತ್ತೆ. ನಾನೇ ನೋಡಿದ್ದೀನಿ."

"ಹಾಗಾದ್ರೆ ಸರಿ," ಎಂದ ಕಾವಲುಗಾರ. "ನನ್ನ ಜಾಗಕ್ಕೆ ಬಂದಿದ್ದಾನಲ್ಲ, ಪಾಪ, ಅವನಿಗೂ ಕಣ್ಣು ಅಷ್ಟಕ್ಕಷ್ಟೆ."